ಮೇಲೆ ಥಳುಕು, ಕೆಳಗೆ ತುಕ್ಕು!

ಆಯುಧಪೂಜೆ ಕಳೆಯಿತು. ಜಿಲ್ಲೆಯ ಕಾರು, ವ್ಯಾನು, ರಿಕ್ಷಾ, ಟೆಂಪೋಗಳೆಲ್ಲ ಮಿಂದು ಮಡಿಯಾಗಿ ಸಾಲಾಗಿ ನಿಂತದ್ದನ್ನು ಎಲ್ಲರೂ ನೋಡಿದೆವು. ಬಾನೆಟ್ಟಿಗೆ ಕುಂಕುಮ, ಕನ್ನಡಿಗೆ ಹೂವಿನ ಮಾಲೆ, ಚಕ್ರದಡಿಗೆ ನಿಂಬೆಹಣ್ಣು. ಭಕ್ತಿಗೇನೂ ಕಮ್ಮಿ ಇಲ್ಲ. ಆದರೆ ಒಂದು ಪ್ರಶ್ನೆ. ಆ ನಿಂಬೆಹಣ್ಣು ಇಡಲು ಬಗ್ಗಿದವರಲ್ಲಿ ಎಷ್ಟು ಮಂದಿ ಇನ್ನೊಂದು ಗೇಣು ಬಗ್ಗಿ ಗಾಡಿಯ ಹೊಟ್ಟೆಯ ಕಡೆ ಕಣ್ಣು ಹಾಯಿಸಿದರು? ಕೈ ಎತ್ತಿ ಅಂದರೆ ಹತ್ತು ಕೈ ಏಳುವುದೂ ಕಷ್ಟ.

ಹಬ್ಬದ ಮರುವಾರ ನಮ್ಮ ಪೇಟೆಯ ಒಂದು ಟಿಂಕರಿಂಗ್ ಶೆಡ್ಡಿನಲ್ಲಿ ನಿಂತಿದ್ದೆವು. ಒಂದು ಬಿಳಿ ಓಮ್ನಿ ಬಂತು. ಬೆಳಿಗ್ಗೆ ಒಂಬತ್ತು ಮಕ್ಕಳನ್ನು ಶಾಲೆಗೆ ಬಿಡುವ, ಮಧ್ಯಾಹ್ನ ಅಂಗಡಿಗಳಿಗೆ ಸಾಮಾನು ಹೊರುವ ಗಾಡಿ. ಹಬ್ಬದ ಮಾಲೆ ಇನ್ನೂ ಬಾಡಿರಲಿಲ್ಲ. ಪೇಂಟು ಫಳಫಳ. ‘ಹಿಂದಿನ ಸೀಟಿನ ಕೆಳಗೆ ಕಟಕಟ ಶಬ್ದ ಬರ್ತದೆ, ಸ್ವಲ್ಪ ನೋಡಿ’ ಅಂತ ಮಾಲೀಕರು ಹೇಳಿದರು. ಮೇಸ್ತ್ರಿ ಜಾಕಿ ಇಟ್ಟು ತಿರುಗಿಸಿದರು. ಗಾಡಿ ಮೇಲೇಳಲಿಲ್ಲ. ಜಾಕಿಯೇ ಕರಕರ ಅನ್ನುತ್ತ ಗಾಡಿಯ ಒಳಕ್ಕೆ ಹೋಯಿತು.

‘ಇದೆಂತ ಮೇಸ್ತ್ರಿ, ಜಾಕಿ ಸರಿ ಇಲ್ವಾ?’

‘ಜಾಕಿ ಸರಿ ಉಂಟು ಮಾರಾಯ್ರೇ. ನಿಮ್ಮ ಗಾಡಿಯೇ ಇಲ್ಲ!’

ಮೇಸ್ತ್ರಿ ಸ್ಕ್ರೂಡ್ರೈವರ್ ತೆಗೆದು ಬಾಗಿಲಿನ ಕೆಳಗಿನ ಪಟ್ಟಿಗೆ ಒತ್ತಿದರು. ಹಪ್ಪಳ ಮುರಿದ ಹಾಗೆ ಮುರಿಯಿತು. ಒಳಗಿನಿಂದ ಕೆಂಪು ಹುಡಿ ಬೊಗಸೆ ತುಂಬಾ ಸುರಿಯಿತು. ಹಿಂದಿನ ಸೀಟಿನ ಬೋಲ್ಟು ಕೂತ ಜಾಗದಲ್ಲಿ ಬೋಲ್ಟು ಮಾತ್ರ ಇತ್ತು, ಅದು ಕೂರಬೇಕಾದ ತಗಡು ಇರಲಿಲ್ಲ. ಒಂಬತ್ತು ಮಕ್ಕಳು ದಿನಾ ಕೂರುತ್ತಿದ್ದದ್ದು ಅದರ ಮೇಲೆ.

ಮಾಲೀಕರ ಮುಖ ಬಿಳಿಚಿತು. ಆದರೂ ಕೇಳಿದರು: ‘ನಾಳೆ ಮಕ್ಕಳನ್ನು ಬಿಡ್ಲಿಕ್ಕುಂಟು. ಸದ್ಯಕ್ಕೆ ಒಂದು ತಗಡು ಹೊಡೆದು ಕೊಡಿ.’ ಮೇಸ್ತ್ರಿ ಕೊಟ್ಟ ಉತ್ತರವನ್ನು ನಮ್ಮ ಜಿಲ್ಲೆಯ ಪ್ರತಿಯೊಬ್ಬ ಹಳೇ ಗಾಡಿಯವರೂ ಬರೆದಿಟ್ಟುಕೊಳ್ಳಬೇಕು: ‘ತಗಡು ಹಾಕ್ಬಹುದು. ಅದನ್ನು ಬೆಸೆಯುದು ಯಾವುದಕ್ಕೆ?’

ಕಾರಿಗೆ ಬೆನ್ನೆಲುಬು ಎಲ್ಲಿ?

‘ತುಕ್ಕು ಹಿಡಿದರೆ ಏನಾಯ್ತು? ಇಂಜಿನ್ ಸರಿ ಉಂಟಲ್ಲ’ ಅನ್ನುವವರು ನಮ್ಮಲ್ಲಿ ಬೇಕಾದಷ್ಟು. ಈ ಮಾತೇ ಎಲ್ಲ ಅನಾಹುತಕ್ಕೆ ಮೂಲ.

ಲಾರಿ, ಜೀಪುಗಳಲ್ಲಿ ಉದ್ದಕ್ಕೆ ಎರಡು ಕಬ್ಬಿಣದ ತೊಲೆಗಳಿರುತ್ತವೆ. ಅದೇ ಚಾಸಿ. ಇಂಜಿನ್, ಚಕ್ರ, ಬಾಡಿ ಎಲ್ಲ ಅದರ ಮೇಲೆ ಕೂರುತ್ತವೆ. ಬಾಡಿಗೆ ತುಕ್ಕು ಹಿಡಿದರೂ ತೊಲೆ ಗಟ್ಟಿ ಇದ್ದರೆ ಗಾಡಿ ನಿಲ್ಲುತ್ತದೆ. ಆದರೆ ನಮ್ಮ ಹೆಚ್ಚಿನ ಕಾರುಗಳಿಗೆ ಈ ಬೇರೆ ಚಾಸಿಯೇ ಇಲ್ಲ. ಮಾರುತಿ 800ಕ್ಕೂ ಇಲ್ಲ, ಓಮ್ನಿಗೂ ಇಲ್ಲ, ಪದ್ಮಿನಿಗೂ ಇಲ್ಲ. ‘ಟ್ಯಾಂಕಿನ ಹಾಗೆ ಗಟ್ಟಿ’ ಅಂತ ನಾವು ಹೊಗಳುವ ಅಂಬಾಸಿಡರಿಗೂ ಜೀಪಿನಂಥ ಬೇರೆ ಚಾಸಿ ಇಲ್ಲ. ತೆಳು ಉಕ್ಕಿನ ತಗಡನ್ನು ಮಡಚಿ, ಪೆಟ್ಟಿಗೆ ಪೆಟ್ಟಿಗೆಯಾಗಿ ಬೆಸೆದು, ನೆಲ, ಬಾಗಿಲ ಕೆಳಗಿನ ಪಟ್ಟಿ, ಕಂಬ, ಮಾಡು ಎಲ್ಲ ಸೇರಿ ಒಂದು ಗೂಡು ಮಾಡಿರುತ್ತಾರೆ. ಲಾರಿಗೆ ಚರ್ಮ ಬೇರೆ, ಎಲುಬು ಬೇರೆ. ಕಾರಿಗೆ ಚರ್ಮವೇ ಎಲುಬು.

ಆ ತಗಡಿನ ದಪ್ಪ ಎಷ್ಟು? ಹೆಚ್ಚಿನ ಕಡೆ ಒಂದು ಮಿಲಿಮೀಟರಿನ ಆಚೀಚೆ. ಅಷ್ಟೇ! ಅದರಲ್ಲಿ ಅರ್ಧ ತುಕ್ಕು ತಿಂದರೆ ಉಳಿಯುವುದೆಷ್ಟು, ನೀವೇ ಲೆಕ್ಕ ಹಾಕಿ.

ಬಾಗಿಲಿನ ಮೇಲಿನ ತುಕ್ಕು ಚಂದಕ್ಕೆ ಕೇಡು, ಜೀವಕ್ಕಲ್ಲ. ತಳದ ತುಕ್ಕು ಜೀವಕ್ಕೇ ಕೇಡು. ಯಾಕೆಂದರೆ ಸೀಟು ಕೂರುವುದು ಅಲ್ಲಿ, ಸೀಟ್ ಬೆಲ್ಟಿನ ಬುಡ ಇರುವುದು ಅಲ್ಲಿ. ಡಿಕ್ಕಿಯಾದಾಗ ಬೆಲ್ಟು ಹರಿಯಲಿಕ್ಕಿಲ್ಲ, ಬೆಲ್ಟಿನ ಬುಡವೇ ಕಿತ್ತು ಬಂದರೆ ಬೆಲ್ಟು ಕಟ್ಟಿಯೂ ಏನು ಪ್ರಯೋಜನ? ಹಿಂದಿನ ಪ್ಲೇಟು ಸ್ಪ್ರಿಂಗಿನ ಕೊಂಡಿ ಕಚ್ಚಿಕೊಂಡಿರುವುದೂ ತಳಕ್ಕೆ. ಅದು ಬಿಟ್ಟರೆ ಚಕ್ರ ಒಂದು ಕಡೆ, ಗಾಡಿ ಒಂದು ಕಡೆ. ಬ್ರೇಕಿನ ಉಕ್ಕಿನ ಪೈಪು ಹಾದುಹೋಗುವುದು ತಳದಲ್ಲಿ. ತುಕ್ಕು ತಿಂದು ತೆಳುವಾದ ಪೈಪು ನಿಧಾನಕ್ಕೆ ಹೋಗುವಾಗ ಸುಮ್ಮನಿರುತ್ತದೆ. ದನವೋ ಮಗುವೋ ಅಡ್ಡ ಬಂದು ನೀವು ಪೂರ್ತಿ ಬಲ ಹಾಕಿ ತುಳಿದ ಆ ಒಂದು ಕ್ಷಣದಲ್ಲೇ ಒಡೆಯುತ್ತದೆ. ಪೆಟ್ರೋಲ್ ಟ್ಯಾಂಕು, ಗ್ಯಾಸ್ ಕಿಟ್ಟಿನ ಸಿಲಿಂಡರು ನೇತಾಡುವುದೂ ಇದೇ ತಗಡಿನ ಆಧಾರದ ಮೇಲೆ.

ಇನ್ನೊಂದು ಕಾಣದ ಅಪಾಯ ಉಂಟು. ಸೈಲೆನ್ಸರಿನ ಪೈಪು ತೂತಾಗಿ, ಮೇಲಿನ ನೆಲವೂ ತೂತಾಗಿದ್ದರೆ ಹೊಗೆ ನೇರ ಒಳಗೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಳೆಗಾಲದಲ್ಲಿ ಗಾಜು ಏರಿಸಿ ಕೂತವರಿಗೆ ತಲೆನೋವು, ತೂಕಡಿಕೆ ಬಂದರೆ ‘ಗ್ಯಾಸ್ಟ್ರಿಕ್ಕು’ ಅಂತ ಅಂದುಕೊಳ್ಳುತ್ತಾರೆ. ಗಾಡಿ ಓಡಿಸುವವನಿಗೇ ತೂಕಡಿಕೆ ಬಂದರೆ?

ಉಪ್ಪಿನ ಊರಿನ ಶಾಪ

ಘಟ್ಟದ ಮೇಲಿನವರಿಗಿಂತ ಈ ತೊಂದರೆ ನಮಗೆ ಹೆಚ್ಚು. ಕಾರಣ ಹೇಳಲು ದೊಡ್ಡ ವಿಜ್ಞಾನಿ ಬೇಡ, ಅಡುಗೆಮನೆಯ ಉಪ್ಪಿನ ಭರಣಿ ಸಾಕು. ಆಟಿ ತಿಂಗಳಲ್ಲಿ ಮುಚ್ಚಿಟ್ಟ ಉಪ್ಪೂ ಬೆವರುತ್ತದೆ. ಗಾಳಿಯ ತೇವ ಶೇಕಡಾ 75ರ ಆಸುಪಾಸು ದಾಟಿತೆಂದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ಕಡಲ ಗಾಳಿಯಲ್ಲಿ ತೇಲಿ ಬರುವ ಉಪ್ಪು ಕಾರಿನ ತಳದ ಸಂದಿಗೊಂದಿಗಳಲ್ಲಿ ಕೂತು ಇದೇ ಕೆಲಸ ಮಾಡುತ್ತದೆ. ಮಳೆ ಇಲ್ಲದ ದಿನವೂ ಆ ಜಾಗ ಒಣಗುವುದಿಲ್ಲ.

ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಈ ಮೂರೂ ಸೇರಿದರೆ ತುಕ್ಕು. ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ಆ ಕೆಲಸ ಇನ್ನಷ್ಟು ಬಿರುಸು. ತುಕ್ಕಿಗೆ ಇನ್ನೊಂದು ಕೆಟ್ಟ ಗುಣ ಉಂಟು. ಅದು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಎರಡು ತಗಡು ಬೆಸೆದ ಸಂದಿಯಲ್ಲಿ ತುಕ್ಕು ಉಬ್ಬಿದರೆ ಬೆಸುಗೆಯನ್ನೇ ಅಗಲಿಸಿ ಬಿಡಿಸುತ್ತದೆ. ತಾಮ್ರದ ಕಿಲುಬು ಮೇಲೆ ಕೂತು ಒಳಗಿನ ಲೋಹವನ್ನು ಸ್ವಲ್ಪವಾದರೂ ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ, ಉದುರಿ ಉದುರಿ ಒಳಗಿನದಕ್ಕೆ ದಾರಿ ಮಾಡಿಕೊಡುತ್ತದೆ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿಯ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕೆ. ನೋಡಲು ಬಂದವರಿಗೆ ಸ್ವರ್ಗ. ದಿನಾ ಓಡಾಡುವ ಗಾಡಿಯ ತಳಕ್ಕೆ ನರಕ.

ಸಾಲದ್ದಕ್ಕೆ ಮೀನಿನ ಗಾಡಿಗಳು. ಮಲ್ಪೆ, ಗಂಗೊಳ್ಳಿಯ ಕಡೆಯಿಂದ ಹೊರಟ ಲಾರಿಗಳು ಐಸು ಕರಗಿದ ಉಪ್ಪುನೀರನ್ನು ಹೆದ್ದಾರಿಯುದ್ದಕ್ಕೂ ಚೆಲ್ಲುತ್ತ ಹೋಗುವುದನ್ನು ನೋಡದವರು ಯಾರು? ದ್ವಿಚಕ್ರದವರು ಜಾರಿ ಬೀಳುತ್ತಾರೆಂಬ ದೂರು ಹಳೆಯದು. ಅದೇ ನೀರನ್ನು ಹಿಂದೆ ಬರುವ ಕಾರಿನ ಚಕ್ರ ತನ್ನ ತಳಕ್ಕೇ ಎರಚಿಕೊಳ್ಳುತ್ತದೆ ಎಂಬುದನ್ನು ಯಾರೂ ಯೋಚಿಸಿದ ಹಾಗಿಲ್ಲ. ನೀರು ಹಿಡಿಯುವ ಟ್ಯಾಂಕು ಕಟ್ಟಿಸಿಕೊಳ್ಳದ ಮೀನಿನ ಲಾರಿ ಊರಿನ ಗಾಡಿಗಳಿಗೆಲ್ಲ ಪುಕ್ಕಟೆಯಾಗಿ ತುಕ್ಕು ಹಂಚುತ್ತಿದೆ.

ಕೆಲವರು ಕೊಡಚಾದ್ರಿಯ ಕಬ್ಬಿಣದ ಕಂಬದ ಉದಾಹರಣೆ ಕೊಡುತ್ತಾರೆ. ಅಷ್ಟು ಘೋರ ಮಳೆಯಲ್ಲೂ ಆ ಕಂಬ ನಿಂತಿದೆ, ‘ಹಳೇ ಕಬ್ಬಿಣ ಗಟ್ಟಿ ಸ್ವಾಮಿ’ ಅಂತ. ಕಂಬವೇನೋ ನಿಂತಿದೆ. ಅದು ಹಿಂದಿನ ಕಾಲದ ಕಮ್ಮಾರರು ತಮ್ಮ ಕುಲುಮೆಯಲ್ಲಿ ಕಾಯಿಸಿ ಬಡಿದು ಮಾಡಿದ ದಪ್ಪ ಕಬ್ಬಿಣ. ಕಾರಿನದು ಕಾರ್ಖಾನೆಯ ತೆಳು ತಗಡು. ಎರಡಕ್ಕೂ ಹೆಸರು ಕಬ್ಬಿಣ ಎಂದ ಮಾತ್ರಕ್ಕೆ ಆಯುಷ್ಯ ಒಂದೇ ಆಗುತ್ತದೆಯೇ? ಹೊಸ ಕಾರುಗಳಲ್ಲಿ ಸತು ಲೇಪಿಸಿದ ತಗಡಿನ ಬಳಕೆ ಹೆಚ್ಚಿದೆ. ಅವು ಇನ್ನಷ್ಟು ತಾಳಿಕೊಳ್ಳುತ್ತವೆ. ಆದರೆ 1983ರಲ್ಲಿ ಬಂದ ಮಾರುತಿ 800 ನಿಂತದ್ದು 2014ರಲ್ಲಿ, ಅಂಬಾಸಿಡರ್ ನಿಂತದ್ದೂ ಅದೇ ವರ್ಷ, ಓಮ್ನಿ ನಿಂತದ್ದು 2019ರಲ್ಲಿ. ಹಳೆಯ ತಗಡಿನ ಈ ಗಾಡಿಗಳು ನಮ್ಮ ರಸ್ತೆಯಲ್ಲಿ ಇನ್ನೂ ಎಷ್ಟೋ ಓಡುತ್ತಿವೆ. ಬಡವನ ಬಾಡಿಗೆ ಗಾಡಿ, ಚಿಲ್ಲರೆ ವ್ಯಾಪಾರಿಯ ಸಾಮಾನಿನ ಗಾಡಿ, ಮಕ್ಕಳ ಗಾಡಿ ಎಲ್ಲ ಅವೇ.

ಬೇರೆ ಕಡೆ ಏನು ಮಾಡಿದರು?

ಚಳಿಯ ದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೇ ಉಪ್ಪು ಸುರಿಯುತ್ತಾರೆ. ಹಾಗಾಗಿ ನಮಗಿಂತ ಮೊದಲೇ ಅವರಿಗೆ ಪೆಟ್ಟು ಬಿತ್ತು. ಬ್ರಿಟನ್ನಿನಲ್ಲಿ 1960ರಿಂದಲೇ ಹಳೇ ಗಾಡಿಗಳ ತಪಾಸಣೆ ಶುರುವಾಯಿತು. ಅಲ್ಲಿನ ಈಗಿನ ನಿಯಮ ನೋಡಿ. ಸೀಟ್ ಬೆಲ್ಟು, ಸ್ಟೀರಿಂಗು, ಸಸ್ಪೆನ್ಶನ್ ಕಚ್ಚಿಕೊಂಡ ಜಾಗದಿಂದ 30 ಸೆಂಟಿಮೀಟರ್ ಒಳಗೆ ಬಲ ಕುಂದುವಂಥ ತುಕ್ಕು ಇದ್ದರೆ ಗಾಡಿ ಫೇಲು. ಅಲ್ಲಿಗೆ ತಗಡು ಹಾಕುವುದಾದರೆ ಸುತ್ತಲೂ ಸಾಲು ಬೆಸುಗೆ ಆಗಬೇಕು. ಪಟ್ಟಿ ಮೆತ್ತಿ ಪೇಂಟು ಬಳಿದರೆ ನಡೆಯುವುದಿಲ್ಲ. ತಪಾಸಣೆಯವನು ಬೆರಳಲ್ಲಿ ಒತ್ತಿ, ಸಣ್ಣ ಸಲಕರಣೆಯಿಂದ ತಟ್ಟಿ ನೋಡುತ್ತಾನೆ.

1980ರಲ್ಲಿ ಅದೇ ಬ್ರಿಟನ್ನಿನಲ್ಲಿ ಲಾನ್ಸಿಯಾ ಬೀಟಾ ಎಂಬ ಇಟಲಿಯ ಕಾರಿನ ತಳದಲ್ಲಿ, ಇಂಜಿನನ್ನು ಹೊತ್ತ ಭಾಗಕ್ಕೇ ತುಕ್ಕು ತಗುಲಿ ದೊಡ್ಡ ಗಲಾಟೆಯಾಯಿತು. ಕಂಪೆನಿ ಎಷ್ಟೋ ಕಾರುಗಳನ್ನು ತಾನೇ ವಾಪಸು ಕೊಂಡುಕೊಳ್ಳಬೇಕಾಯಿತು. 2016ರಲ್ಲಿ ಅಮೆರಿಕದಲ್ಲಿ ಟೊಯೋಟಾ ಕಂಪೆನಿ ಸುಮಾರು 15 ಲಕ್ಷ ಪಿಕಪ್ ಮತ್ತಿತರ ಗಾಡಿಗಳ ಚಾಸಿ ತುಕ್ಕಿನ ದಾವೆಯಲ್ಲಿ 340 ಕೋಟಿ ಡಾಲರ್‌ವರೆಗಿನ ರಾಜಿಗೆ ಒಪ್ಪಿತು. ತುಕ್ಕು ಅಂದರೆ ಚಿಲ್ಲರೆ ವಿಷಯ ಅಂದವರು ಈ ಅಂಕಿಯನ್ನು ಇನ್ನೊಮ್ಮೆ ಓದಿಕೊಳ್ಳಲಿ. ಬೇರೆ ಚಾಸಿ ಇರುವ ಗಾಡಿಗೂ ಈ ಗತಿಯಾದರೆ ಚಾಸಿಯೇ ಇಲ್ಲದ ಓಮ್ನಿಯ ಪಾಡೇನು?

ನಮ್ಮ ನೆರೆಯಲ್ಲೇ ಆದದ್ದನ್ನೂ ನೆನಪಿಸಬೇಕು. 2012ರ ಜುಲೈಯಲ್ಲಿ ಚೆನ್ನೈಯ ತಾಂಬರಂ ಕಡೆ ಶಾಲೆಯ ಬಸ್ಸಿನ ನೆಲದಲ್ಲಿದ್ದ ತೂತಿನಿಂದ ಎರಡನೇ ತರಗತಿಯ ಹುಡುಗಿಯೊಬ್ಬಳು ರಸ್ತೆಗೆ ಬಿದ್ದು, ಅದೇ ಬಸ್ಸಿನ ಚಕ್ರಕ್ಕೆ ಸಿಕ್ಕಿ ಪ್ರಾಣ ಬಿಟ್ಟಳು. ತೂತನ್ನು ಹಲಗೆಯಿಂದ ಮುಚ್ಚಿದ್ದರು. ಆ ಬಸ್ಸಿಗೆ ಎಫ್.ಸಿ. ಇತ್ತು! ಮದರಾಸು ಹೈಕೋರ್ಟು ತಾನಾಗಿ ಪ್ರಕರಣ ಕೈಗೆತ್ತಿಕೊಂಡ ಮೇಲೆ ಶಾಲಾ ವಾಹನಗಳಿಗೆ ಹೊಸ ನಿಯಮಗಳು ಬಂದವು. 2024ರ ಫೆಬ್ರವರಿಯಲ್ಲಿ ಅದೇ ಊರಿನ ಸಾರ್ವಜನಿಕ ಬಸ್ಸಿನ ನೆಲ ಕುಸಿದು ಒಬ್ಬ ಮಹಿಳೆ ಕೆಳಗೆ ಬಿದ್ದರು. ಪುಣ್ಯಕ್ಕೆ ಜೀವ ಉಳಿಯಿತು.

‘ನಾವು ಬಸ್ಸಿನವರು, ಕಾರಿನ ತುಕ್ಕು ನಮಗೇಕೆ?’ ಅನ್ನುವ ಓದುಗರಿಗೆ ಇದೇ ಉತ್ತರ. ನಿಮ್ಮ ಕಾಲಡಿಯೂ ತಗಡೇ ಇರುವುದು. ನಿಮ್ಮ ಮಗು ಹೋಗುವುದು ವ್ಯಾನಿನಲ್ಲಿ. ಎದುರಿನಿಂದ ಬರುವ ಕಾರಿನ ಬ್ರೇಕ್ ಪೈಪು ಒಡೆದರೆ ಬಂದು ಗುದ್ದುವುದು ಬಸ್‌ಸ್ಟ್ಯಾಂಡಿನಲ್ಲಿ ನಿಂತ ನಿಮಗೇ.

ಶುಲ್ಕ ಏರಿತು, ಟಾರ್ಚು ಎಲ್ಲಿ?

ಕಾನೂನಿನಲ್ಲಿ ಕೊರತೆ ಇಲ್ಲ. ಖಾಸಗಿ ಕಾರಿಗೆ 15 ವರ್ಷಕ್ಕೆ ನೋಂದಣಿ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ತಪಾಸಣೆ ಮಾಡಿ ನವೀಕರಿಸಬೇಕು. ಬಾಡಿಗೆ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್.ಸಿ. ಆಗಬೇಕು. ಮೋಟಾರು ವಾಹನ ಕಾಯಿದೆಯ 190ನೇ ಕಲಮಿನ ಪ್ರಕಾರ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ಗೊತ್ತಾಗಬಹುದಾಗಿದ್ದ ದೋಷವಿರುವ ಗಾಡಿಯನ್ನು ರಸ್ತೆಗೆ ಬಿಟ್ಟರೆ ಅದು ಅಪರಾಧ. ‘ನನಗೆ ಗೊತ್ತಿರಲಿಲ್ಲ’ ಎಂಬ ಸಬೂಬು ಅಲ್ಲಿ ನಡೆಯುವುದಿಲ್ಲ.

ಶುಲ್ಕದಲ್ಲೂ ಕೊರತೆ ಇಲ್ಲ. 15 ವರ್ಷ ದಾಟಿದ ಕಾರಿನ ನವೀಕರಣಕ್ಕೆ ಇದ್ದ 600 ರೂಪಾಯಿಯನ್ನು 2022ರ ಏಪ್ರಿಲ್ 1ರಿಂದ 5,000 ರೂಪಾಯಿ ಮಾಡಿದರು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ರೂಪಾಯಿ ಎಂದು ಅಧಿಸೂಚನೆ ಬಂತು. ಸರಿ ಸ್ವಾಮಿ, ಕೊಡೋಣ. ಆದರೆ ಕೊಟ್ಟ ದುಡ್ಡಿಗೆ ಗಾಡಿಯ ಕೆಳಗೆ ಯಾರಾದರೂ ಬಗ್ಗಿ ನೋಡುತ್ತಾರೆಯೇ? ಹಾರ್ನ್ ಒತ್ತು, ಲೈಟ್ ಹಾಕು, ವೈಪರ್ ತಿರುಗಿಸು, ಚಾಸಿ ನಂಬ್ರ ತೋರಿಸು. ಇಷ್ಟಕ್ಕೇ ಮುಗಿದರೆ ಅದು ತಪಾಸಣೆಯಲ್ಲ, ಹಾಜರಿ.

ಇನ್ನು ಮುಂದೆ ಎಲ್ಲ ಯಂತ್ರದಲ್ಲೇ ಪರೀಕ್ಷೆ ಎನ್ನುತ್ತಾರೆ. ಒಳ್ಳೆಯದೇ. ಯಂತ್ರ ಬ್ರೇಕಿನ ಬಲ ಅಳೆಯುತ್ತದೆ, ಹೊಗೆ ಅಳೆಯುತ್ತದೆ. ಆದರೆ ಪೇಂಟಿನ ಹಿಂದಿನ ತುಕ್ಕು ಹಿಡಿಯಲು ಮನುಷ್ಯನ ಕಣ್ಣು, ಒಂದು ಟಾರ್ಚು, ಒಂದು ಸಣ್ಣ ಸುತ್ತಿಗೆ ಬೇಕು. ಗಟ್ಟಿ ಉಕ್ಕು ಟಣ್ ಅನ್ನುತ್ತದೆ. ಕೊಳೆತದ್ದು ದಪ್ ಅನ್ನುತ್ತದೆ. ಈ ಶಬ್ದದ ವ್ಯತ್ಯಾಸ ತಿಳಿಯದ ಬ್ರೇಕ್ ಇನ್‌ಸ್ಪೆಕ್ಟರು ಯಾರೂ ಇರಲಿಕ್ಕಿಲ್ಲ. ತಟ್ಟಿ ನೋಡುವ ಮನಸ್ಸು ಬೇಕು, ಬಗ್ಗಲು ಒಂದು ಹೊಂಡ ಬೇಕು, ಒಂದು ಗಾಡಿಗೆ ಕಾಲು ಗಂಟೆ ಬೇಕು. ಅಷ್ಟನ್ನು ಸರ್ಕಾರ ಕೊಡಲಿ.

ಹಳೇ ಗಾಡಿಗಳನ್ನೆಲ್ಲ ಗುಜರಿಗೆ ಹಾಕಿ ಎಂದು ನಾವು ಹೇಳುತ್ತಿಲ್ಲ. ವರ್ಷ ನೋಡಿ ಗಾಡಿಯನ್ನು ತೀರ್ಮಾನಿಸುವುದು ಅನ್ಯಾಯ. ಘಟ್ಟದ ಮೇಲೆ ಒಣ ಊರಿನಲ್ಲಿ ಶೆಡ್ಡಿನೊಳಗೆ ಇದ್ದ 25 ವರ್ಷದ ಕಾರು ಗಟ್ಟಿಯಾಗಿರಬಹುದು, ಕಡಲ ಕರೆಯಲ್ಲಿ ಬಯಲಲ್ಲಿ ನಿಂತ ಹತ್ತು ವರ್ಷದ ಕಾರು ಕೊಳೆತಿರಬಹುದು. ನೋಡಬೇಕಾದದ್ದು ಕಾಗದದ ತಾರೀಖನ್ನಲ್ಲ, ತಗಡನ್ನು.

ಮುಚ್ಚಿಡುವ ವಿದ್ಯೆ

ಗ್ಯಾರೇಜಿನವರಿಗೂ ಎರಡು ಮಾತು. ಎಲ್ಲರೂ ನಮ್ಮ ಆ ಮೇಸ್ತ್ರಿಯ ಹಾಗಿಲ್ಲ. ಕೊಳೆತ ಪಟ್ಟಿಯ ಒಳಗೆ ಬಟ್ಟೆ, ಫೈಬರ್ ತುರುಕಿ, ಮೇಲೆ ಪಟ್ಟಿ ಮೆತ್ತಿ, ಅದರ ಮೇಲೆ ಕರೀ ಟಾರಿನ ಕೋಟಿಂಗ್ ಬಳಿದು ‘ಹೊಸದರ ಹಾಗೆ ಮಾಡಿ ಕೊಟ್ಟಿದ್ದೇನೆ’ ಅನ್ನುವ ವಿದ್ಯೆ ನಮ್ಮಲ್ಲಿ ಚೆನ್ನಾಗಿ ನಡೆಯುತ್ತದೆ. ತುಕ್ಕಿನ ಮೇಲೆ ಬಳಿದ ಟಾರು ತುಕ್ಕನ್ನು ನಿಲ್ಲಿಸುವುದಿಲ್ಲ. ಒಳಗಿನ ತೇವವನ್ನು ಹೊರಗೆ ಬಿಡದೆ ಇನ್ನಷ್ಟು ಕೊಳೆಸುತ್ತದೆ. ಸರಿಯಾದ ಕ್ರಮ ಒಂದೇ. ಗಟ್ಟಿ ಉಕ್ಕು ಸಿಗುವ ತನಕ ಕತ್ತರಿಸಬೇಕು. ಮೊದಲಿದ್ದಷ್ಟೇ ದಪ್ಪದ ತಗಡನ್ನು ಸುತ್ತಲೂ ಬೆಸೆಯಬೇಕು. ಮೇಲೆ ತುಕ್ಕು ತಡೆಯುವ ಪ್ರೈಮರ್, ಪೆಟ್ಟಿಗೆಯಂಥ ಭಾಗಗಳ ಒಳಗೆ ಮೇಣದಂಥ ಲೇಪ. ಗಿರಾಕಿ ಒಪ್ಪದಿದ್ದರೆ ಬಿಲ್ಲಿನಲ್ಲಿ ‘ತಳಕ್ಕೆ ತುಕ್ಕು, ಓಡಿಸಲು ಯೋಗ್ಯವಲ್ಲ’ ಅಂತ ಬರೆದುಕೊಡಿ. ನಾಳೆ ನಿಮ್ಮ ತಲೆಗೂ ಅದೇ ರಕ್ಷಣೆ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗಂತೂ ಇದು ಜೀವದ ಜೊತೆಗೆ ದುಡ್ಡಿನ ಪ್ರಶ್ನೆಯೂ ಹೌದು. ನಮ್ಮವರಿಗೆ ಮುಂಬಯಿಯ ನಂಟು ಜಾಸ್ತಿ. ‘ಬೊಂಬಾಯಿ ಗಾಡಿ, ಕಮ್ಮಿಗೆ ಸಿಕ್ತು’ ಅಂತ ತರುವವರು ಒಂದು ಮಾತು ನೆನಪಿಡಬೇಕು. ಆ ಊರೂ ಕಡಲ ಕರೆಯದ್ದೇ, ಮಳೆಯದ್ದೇ. 2005ರ ಜುಲೈ 26ರಂದು ಅಲ್ಲಿನ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದು ಸಾವಿರಾರು ಗಾಡಿ ಮುಳುಗಿದ್ದವು. ನೆರೆಯಲ್ಲಿ ಮುಳುಗಿ ಎದ್ದ ಗಾಡಿ ತೊಳೆದು ಪಾಲಿಶ್ ಆಗಿ ದೂರದೂರಿನಲ್ಲಿ ಮಾರಾಟಕ್ಕೆ ನಿಲ್ಲುವುದು ಎಲ್ಲ ಕಡೆಯ ಕತೆ.

ನೀವೇ ನೋಡಿಕೊಳ್ಳಿ

ಸರ್ಕಾರ ಎಚ್ಚರಗೊಳ್ಳುವ ತನಕ ಕಾಯಬೇಕಾಗಿಲ್ಲ. ಯಾರಿಗೂ ಖರ್ಚಿಲ್ಲದ ಕೆಲವು ಕೆಲಸ ಉಂಟು.

ಕಾಲಡಿಯ ಮ್ಯಾಟು ಎತ್ತಿ ನೋಡಿ. ಅಡಿಯಲ್ಲಿ ತೇವ ಇದ್ದರೆ ಆ ನೆಲ ಕೊಳೆಯುತ್ತಿದೆ. ಬಾಗಿಲ ಕೆಳಗಿನ ಪಟ್ಟಿಯನ್ನು ಹೆಬ್ಬೆರಳಲ್ಲಿ ಬಲವಾಗಿ ಒತ್ತಿ, ಕರಕರ ಅಂದರೆ ಗ್ಯಾರೇಜಿಗೆ ಹೋಗಿ. ಪೇಂಟಿನ ಮೇಲೆ ಸಣ್ಣ ಗುಳ್ಳೆ ಎದ್ದಿದ್ದರೆ ತುಕ್ಕು ಒಳಗಿನಿಂದ ಬಂದಿದೆ ಎಂದು ತಿಳಿಯಿರಿ, ಹೊರಗಿನಿಂದ ಅಲ್ಲ. ಬಾಗಿಲು ಹಾಕಲು ಎತ್ತಿ ತಳ್ಳಬೇಕಾಗಿ ಬಂದರೆ ಹಿಂಜ್ ಸವೆದಿರಬಹುದು, ಗಾಡಿಯೇ ನಡು ಬಗ್ಗಿರಲೂಬಹುದು. ಬ್ರೇಕ್ ಆಯಿಲ್ ಆಗಾಗ ಇಳಿಯುತ್ತಿದ್ದರೆ ತುಂಬಿಸಿ ಸುಮ್ಮನಾಗಬೇಡಿ, ಪೈಪು ನೋಡಿಸಿ.

ಬಾಗಿಲುಗಳ ಮತ್ತು ಪಟ್ಟಿಗಳ ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಎಲೆ, ಕೆಸರು ತುಂಬಿ ಅವು ಮುಚ್ಚಿದರೆ ಒಳಗೆ ಕೆರೆ! ಒಂದು ಹಿಡಿಕಡ್ಡಿಯಲ್ಲಿ ಬಿಡಿಸಿದರೆ ಸಾಕು. ಮಳೆಗಾಲದಲ್ಲೂ, ಕಡಲ ಕರೆಗೆ ಹೋಗಿ ಬಂದಾಗಲೂ ತಳಕ್ಕೆ ಸಿಹಿನೀರು ಹೊಡೆಸಿ. ಮೇಲೆ ಮಾತ್ರ ತೊಳೆಯುವುದು ಮುಖ ತೊಳೆದು ಕಾಲು ಬಿಟ್ಟ ಹಾಗೆ. ಮೀನು ಹೊರುವ ಗಾಡಿಯವರಂತೂ ಪ್ರತಿದಿನ ಒಳ ನೆಲವನ್ನೂ ತೊಳೆದು ಒಣಗಿಸಬೇಕು. ಹಳೇ ಇಂಜಿನ್ ಆಯಿಲ್ ತಳಕ್ಕೆ ಹೊಡೆಸುವ ಪದ್ಧತಿ ಇದೆ. ಅದು ಬ್ರೇಕಿಗೆ ಸೋಕಿದರೆ ಅಪಾಯ, ರಬ್ಬರ್ ಬುಶ್ಶುಗಳನ್ನು ಹಾಳು ಮಾಡುತ್ತದೆ, ಬಾವಿಯ ನೀರಿಗೂ ಇಳಿಯುತ್ತದೆ. ಅದರ ಬದಲು ಇದಕ್ಕೆಂದೇ ಸಿಗುವ ಲೇಪವನ್ನು ಬೇಸಗೆಯಲ್ಲಿ ಗಾಡಿ ಪೂರ್ತಿ ಒಣಗಿದ ಮೇಲೆ ಹಾಕಿಸಿ.

ಕಾರು ಕೊಳ್ಳುವವರು ಅಡ್ವಾನ್ಸ್ ಕೊಡುವ ಮೊದಲು ಗಾಡಿಯನ್ನು ರ‍್ಯಾಂಪಿಗೆ ಏರಿಸಿ ಅಂತ ಹಟ ಹಿಡಿಯಿರಿ. ಮಾರುವವರು ಬೇಡ ಅಂದರೆ ನೀವೂ ಬೇಡ ಅನ್ನಿ. ಹೊಸದಾಗಿ ಕಪ್ಪು ಬಳಿದ ತಳ ಕಂಡರೆ ಖುಷಿ ಪಡಬೇಡಿ, ಸಂಶಯ ಪಡಿ.

ಮಕ್ಕಳನ್ನು ವ್ಯಾನಿಗೆ ಹತ್ತಿಸುವ ತಂದೆ ತಾಯಿಗಳೇ, ಬಾಡಿಗೆ ಎಷ್ಟು ಅಂತ ಕೇಳುತ್ತೀರಿ, ಎಷ್ಟು ಗಂಟೆಗೆ ಬರ್ತದೆ ಅಂತ ಕೇಳುತ್ತೀರಿ. ‘ಅಣ್ಣಾ, ತಳ ನೋಡಿಸಿದ್ದೀರಾ?’ ಅಂತ ಒಮ್ಮೆ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಆ ಗಾಡಿ ನಿಮಗೆ ಬೇಡ.

ಸಂಬಂಧಪಟ್ಟವರ ಗಮನಕ್ಕೆ

ನಮ್ಮ ಬೇಡಿಕೆ ದೊಡ್ಡದಲ್ಲ. ಒಂದು, ಕರಾವಳಿಯ ಪ್ರತಿಯೊಂದು ತಪಾಸಣಾ ಜಾಗದಲ್ಲೂ ಗಾಡಿಯ ಅಡಿಗೆ ಇಳಿದು ನೋಡುವ ಹೊಂಡ ಅಥವಾ ರ‍್ಯಾಂಪು ಇರಲಿ. ತಳ ನೋಡಿದ್ದೇನೆ ಎಂದು ನೋಡಿದವರು ಪ್ರತ್ಯೇಕ ಸಹಿ ಹಾಕಲಿ. ಎರಡು, ಪ್ರತಿ ವರ್ಷ ಮೇ ತಿಂಗಳಲ್ಲಿ, ಶಾಲೆ ತೆರೆಯುವ ಮೊದಲು, ಮಕ್ಕಳನ್ನು ಹೊರುವ ಎಲ್ಲ ವಾಹನಗಳ ತಳದ ತಪಾಸಣೆ ಶಿಬಿರ ನಡೆಯಲಿ. ಮೂರು, ನೀರಿನ ಟ್ಯಾಂಕಿಲ್ಲದ ಮೀನಿನ ಲಾರಿ ಬಂದರಿನ ಗೇಟು ದಾಟದಂತೆ ಮಾಡಲಿ. ನಾಲ್ಕು, ಬಡ ವ್ಯಾನಿನವರಿಗೆ ಈ ರಿಪೇರಿಗೆ ಸಹಕಾರಿ ಸಂಘಗಳು ಸಣ್ಣ ಸಾಲ ಕೊಡಲಿ. ಹೊಸ ಗಾಡಿಗೆ ಸಾಲ ಕೊಡಲು ಎಲ್ಲರೂ ತಯಾರು, ಇದ್ದ ಗಾಡಿ ಗಟ್ಟಿ ಮಾಡಲು ಯಾರೂ ಇಲ್ಲ.

ಅಂದ ಹಾಗೆ ಆ ಬಿಳಿ ಓಮ್ನಿ ಏನಾಯಿತು ಅಂತ ಕೇಳುತ್ತೀರಾ? ಅದಿನ್ನೂ ಶೆಡ್ಡಿನಲ್ಲೇ ಇದೆ. ಕತ್ತರಿಸುತ್ತ ಹೋದ ಹಾಗೆ ಗಟ್ಟಿ ಉಕ್ಕು ಸಿಗುವ ಲಕ್ಷಣ ಕಾಣುತ್ತಿಲ್ಲ ಅಂತ ಮೇಸ್ತ್ರಿ ಹೇಳಿದರು. ಮಾಲೀಕರು ಪರಿಚಯದವರ ರಿಕ್ಷಾ ಬಾಡಿಗೆಗೆ ತೆಗೆದುಕೊಂಡು ಎರಡೆರಡು ಟ್ರಿಪ್ಪಿನಲ್ಲಿ ಮಕ್ಕಳನ್ನು ಬಿಡುತ್ತಿದ್ದಾರೆ. ಲಾಭ ಹೋಗಲಿ, ದಿನಾ ಕೈಯಿಂದ ಹೋಗುತ್ತಿದೆ. ಮೊನ್ನೆ ಚಾ ಅಂಗಡಿಯಲ್ಲಿ ಸಿಕ್ಕಿದರು. ‘ನಷ್ಟ ಆಯ್ತಲ್ಲ’ ಅಂದೆವು. ಅವರು ಗ್ಲಾಸು ಕೆಳಗಿಟ್ಟು ಹೇಳಿದರು: ‘ನಷ್ಟ ಹೌದು. ಆದ್ರೆ ಆ ಸೀಟಲ್ಲಿ ನನ್ನ ಮಗಳೂ ಕೂರ್ತಿದ್ಲು.’

ಅವರಿಗೆ ಜಾಕಿ ಹೇಳಿತು. ನಮ್ಮ ಅಧಿಕಾರಿಗಳಿಗೆ ಯಾರು ಹೇಳಬೇಕು? ಚೆನ್ನೈಯಂಥದ್ದೇ ಒಂದು ಸುದ್ದಿ ನಮ್ಮ ಜಿಲ್ಲೆಯಿಂದ ಬರುವ ತನಕ ಕಾಯಬೇಕೇ? ಸಂಬಂಧಪಟ್ಟವರು ಇತ್ತ ಕಣ್ಣು ಹಾಯಿಸುವರೇ? ಕಣ್ಣು ಹಾಯಿಸಿದರೆ ಸಾಲದು, ಸ್ವಲ್ಪ ಬಗ್ಗಿಯೂ ನೋಡಬೇಕು.